ಮಾಡದಕೆರೆಯ ಕೊಪ್ಪರಿಗೆ

ಯಾರನ್ನು ನೋಡಿದರೂ, ಇವರಿಗೆ ಏನು ಕೇಡಾಗಬಹುದು ಎಂಬುದೇ ನನಗೆ ಮೊದಲು ಹೊಳೆಯುತ್ತದೆ. ದಯವಿಟ್ಟು ತಪ್ಪು ತಿಳಿಯಬೇಡಿ. ಇದು ಕೆಟ್ಟ ಬುದ್ಧಿಯಲ್ಲ, ನೌಕರಿಯಿಂದ ಅಂಟಿಕೊಂಡ ಚಾಳಿ. ಮದುವೆ ಮನೆಗೆ ಹೋದರೆ ಎಲ್ಲರೂ ಹುಡುಗ ಹುಡುಗಿಯ ಜೋಡಿ ನೋಡುತ್ತಾರೆ. ನಾನು ಚಪ್ಪರದ ಬಟ್ಟೆಗೂ ಅಡುಗೆಯ ಒಲೆಗೂ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ ಎಂದು ನೋಡುತ್ತೇನೆ. ಗೃಹಪ್ರವೇಶಕ್ಕೆ ಕರೆದವರು ಪ್ರೀತಿಯಿಂದ, "ಹೆಂಗೈತೆ ಸಾಹೇಬ್ರೇ ಮನೆ?" ಎಂದು ಕೇಳಿದರೆ, "ಚೆನ್ನಾಗಿದೆ, ಆದರೆ ಮೆಟ್ಟಿಲಿಗೆ ಕಂಬಿ ಇಲ್ಲ, ಯಾರಾದರೂ ಉರುಳಿ ಬಿದ್ದರೆ?" ಎಂದು ನನ್ನ ಬಾಯಿ ತಾನಾಗಿಯೇ ಹೇಳಿಬಿಡುತ್ತದೆ. ಇತ್ತೀಚೆಗೆ ನಮ್ಮ ಹೊಳಲ್ಕೆರೆಯಲ್ಲಿ ಗೃಹಪ್ರವೇಶ ಮಾಡುವವರು ನನ್ನ ಹೆಂಡತಿಯನ್ನು ಕರೆಯುತ್ತಾರೆ. ನನಗೆ ಊಟ ಕಟ್ಟಿ ಕಳಿಸುತ್ತಾರೆ.

ನಾನು ಚಿತ್ರದುರ್ಗದ ಒಂದು ವಿಮಾ ಕಚೇರಿಯಲ್ಲಿ ಅಂಡರ್‌ರೈಟರ್ ಆಗಿ ಇಡೀ ಸರ್ವೀಸು ಮುಗಿಸಿದವನು. ಹಾಗಂದರೆ ಏನು ಎಂದು ಬಂಧುಬಳಗಕ್ಕೆ ವಿವರಿಸಿ ವಿವರಿಸಿ ಸಾಕಾಗಿದೆ. ನಮ್ಮ ಮಾವನವರಂತೂ ಕೊನೆಯವರೆಗೂ ನಾನು ಮನೆಮನೆಗೆ ಹೋಗಿ ಪಾಲಿಸಿ ಮಾಡಿಸುವ ಏಜೆಂಟನೆಂದೇ ತಿಳಿದಿದ್ದರು. ಯಾರಾದರೂ ಕೇಳಿದರೆ, "ಪಾಪ, ಬಿಸಿಲಲ್ಲಿ ಅಲೀತಾನೆ" ಎನ್ನುತ್ತಿದ್ದರು. ಅಸಲಿಗೆ ನಾನು ಫ್ಯಾನಿನ ಕೆಳಗೆ ಕುಳಿತು ಬೇರೆಯವರ ಬಿಸಿಲನ್ನು ಅಳೆಯುವವನು. ಒಬ್ಬ ಬಂದು, ನನ್ನ ಗೋಡೌನಿಗೆ ಬೆಂಕಿ ಬಿದ್ದರೆ ನಷ್ಟ ನೀವು ಕೊಡಿ ಎನ್ನುತ್ತಾನೆ. ಅವನ ಭಾರವನ್ನು ಕಂಪನಿ ಹೊರಬೇಕೋ ಬೇಡವೋ, ಹೊರುವುದಾದರೆ ಯಾವ ಷರತ್ತಿನ ಮೇಲೆ ಎಂದು ತೀರ್ಮಾನಿಸುವುದು ನನ್ನ ಕೆಲಸ. ನಮ್ಮ ಹಳೇ ಮ್ಯಾನೇಜರು ಹೇಳುತ್ತಿದ್ದರು, "ಏನಪ್ಪ, ಗೋಡೌನು ಆಮೇಲೆ ನೋಡು. ಇಷ್ಟು ದಿನ ಬರದೇ ಇದ್ದೋನು ಇವತ್ತೇ ಯಾಕೆ ಬಂದ ಅನ್ನೋದನ್ನ ಮೊದಲು ನೋಡು." ಒಮ್ಮೆ ಹತ್ತಿ ವ್ಯಾಪಾರಿಯೊಬ್ಬರು ಬಹಳ ಅವಸರದಲ್ಲಿ ಬಂದು ಪಾಲಿಸಿ ಕೇಳಿದರು. ಅವರ ಅಂಗಿಯಿಂದಲೇ ಹೊಗೆಯ ವಾಸನೆ ಬರುತ್ತಿತ್ತು. ಕಾಫಿ ಕೊಟ್ಟು ಕಳಿಸಿದೆವು.

ಹಿರಿಯೂರಿನ ಕಡೆ ಕುರಿ ವಿಮೆಗೆ ಹೋದಾಗ ಒಬ್ಬ ಯಜಮಾನರು ನನಗೆ ಕಲಿಸಿದ್ದು ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. ದೊಡ್ಡ ಮಂದೆ. ಎಲ್ಲಾ ಕುರಿಗಳೂ ಬೇಲಿಯ ಒಳಗೆ ಮೇಯುತ್ತಿದ್ದವು, ಒಂದಷ್ಟು ಮಾತ್ರ ಮರದ ಕೆಳಗೆ ಮೂಗು ಸುರಿಸಿಕೊಂಡು ಮಲಗಿದ್ದವು. "ಇವಕ್ಕೆ ಮಾಡ್ರಿ ಸ್ವಾಮಿ" ಎಂದು ಮಲಗಿದ್ದವನ್ನೇ ತೋರಿಸಿದರು. "ಚೆನ್ನಾಗಿರೋ ಕುರಿಗಳಿಗೆ ಬೇಡವೇ ಯಜಮಾನ್ರೇ?" ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ, "ಚೆನ್ನಾಗಿರೋವು ಸಾಯಲ್ಲ ಬಿಡ್ರಿ, ಅವಕ್ಯಾಕೆ?" ಎಂದರು. ಇಡೀ ವಿಮಾ ಶಾಸ್ತ್ರ ಹೆದರುವುದು ಈ ಒಂದು ಮಾತಿಗೆ. ಯಾರಿಗೆ ಪೆಟ್ಟು ಬೀಳುವ ಸಂಭವ ಹೆಚ್ಚೋ ಅವರೇ ವಿಮೆಗೆ ಮೊದಲು ಓಡಿ ಬರುತ್ತಾರೆ. ಇನ್ನೊಂದು ಭಯ ಬೇರೆ ತರಹದ್ದು. ಮತ್ತೋಡಿನ ಕಡೆಯ ರೈತರೊಬ್ಬರು ಪಂಪ್‌ಸೆಟ್ಟಿಗೆ ವಿಮೆ ಮಾಡಿಸಿದ ಮಾರನೆಯ ದಿನದಿಂದ ಪಂಪಿನ ಮನೆಗೆ ಬೀಗ ಹಾಕುವುದನ್ನೇ ಬಿಟ್ಟರು. ಕೇಳಿದರೆ, "ಈಗ ನೀವಿದೀರಲ್ಲ ಸ್ವಾಮಿ!" ಎಂದು ನನ್ನ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡ ಖುಷಿಯಲ್ಲಿ ನನಗೆ ಬೈಯುವುದಕ್ಕೂ ಆಗಲಿಲ್ಲ.

ಇಂಥ ಘನವಾದ ಅನುಭವವನ್ನು ಹೊತ್ತುಕೊಂಡು ನಿವೃತ್ತನಾಗಿ ಮನೆಗೆ ಬಂದವನಿಗೆ ಅಳೆಯುವುದಕ್ಕೆ ಉಳಿದದ್ದು ಒಂದೇ ಅಪಾಯ, ಅದೂ ನನ್ನದೇ. ಸಕ್ಕರೆ ಕಾಯಿಲೆ. ಚಿತ್ರದುರ್ಗದ ಡಾಕ್ಟರಮ್ಮ ಬಹಳ ಒಳ್ಳೆಯವರು, ಆದರೆ ಮಾತು ನೇರ. "ಈಗ ಗುಳಿಗೆಯಲ್ಲೇ ನಡೀತಾ ಇದೆ. ನಿಮ್ಮ ಮನೆಯವರ ಪುಣ್ಯ. ಮುಂದಿನ ಸಲ ಏರಿತ್ತು ಅಂದ್ರೆ ಮಾತ್ರ ದಿನಾ ಸೂಜಿ ಚುಚ್ಕೊಬೇಕು, ನೋಡಿ" ಎಂದರು. ಸೂಜಿ! ನಾನು ಉರಿಯುವ ಎಣ್ಣೆ ಮಿಲ್ಲಿನೊಳಗೆ ಹೋಗಿ ಬಂದವನು, ಆದರೆ ಸೂಜಿ ಎಂದರೆ ಜೀವ ಬಾಯಿಗೆ ಬರುತ್ತದೆ. ದರ್ಜಿಯ ಅಂಗಡಿ ಬಂದರೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯುವವನು ನಾನು. ಅಂದಿನಿಂದ ನನ್ನ ಬದುಕಿನ ಗುರಿ ಒಂದೇ ಆಯಿತು, ಆ ಸೂಜಿಯಿಂದ ತಪ್ಪಿಸಿಕೊಳ್ಳುವುದು. ನನ್ನ ಹೆಂಡತಿ ಗಂಗಮ್ಮನ ಗುರಿಯೂ ಅದೇ. ರಾಗಿಮುದ್ದೆ, ಸೊಪ್ಪಿನ ಸಾರು, ನವಣೆ ಅನ್ನ, ಮತ್ತೆ ರಾಗಿಮುದ್ದೆ. ಮನೆಯಲ್ಲಿ ಬೆಲ್ಲದ ಡಬ್ಬಿ ಎಲ್ಲಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹುಡುಕಿಲ್ಲ ಎಂದೇನೂ ಅಲ್ಲ.

ಈಗ ಕೊಪ್ಪರಿಗೆಯ ವಿಷಯಕ್ಕೆ ಬರುತ್ತೇನೆ. ಗಂಗಮ್ಮನ ತವರು ಹೊಸದುರ್ಗ ತಾಲ್ಲೂಕಿನ ಮಾಡದಕೆರೆ. ಮದುವೆಯಲ್ಲಿ ನಮ್ಮತ್ತೆ ಮಗಳ ಜೊತೆಗೆ ಒಂದು ತಾಮ್ರದ ಕೊಪ್ಪರಿಗೆ ಕೊಟ್ಟರು. ಸಣ್ಣಪುಟ್ಟದ್ದಲ್ಲ, ನಾನೇ ಒಳಗೆ ಕಾಲು ಮಡಚಿ ಕುಳಿತುಕೊಳ್ಳಬಹುದು. ನಮ್ಮಿಬ್ಬರಿಗೆ ಅನ್ನ ಮಾಡಲು ಇಷ್ಟು ದೊಡ್ಡ ಪಾತ್ರೆ ಯಾಕೆ ಎಂದು ಆಗ ನಾನು ನಕ್ಕಿದ್ದೆ. ಆದರೆ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮದುವೆ, ನಾಮಕರಣ, ಆರತಿ ಆದರೂ ಅಡುಗೆಗೆ ಅದೇ ಬೇಕು. ಶಾಮಿಯಾನದ ಅಂಗಡಿಯಲ್ಲಿ ಬಾಡಿಗೆಗೆ ಅಲ್ಯೂಮಿನಿಯಂ ಪಾತ್ರೆ ಸಿಗುತ್ತದೆ, ನಿಜ. ಆದರೆ ಗಂಗಕ್ಕನ ಕೊಪ್ಪರಿಗೆಯಲ್ಲಿ ಮಾಡಿದರೆ ಸಾರು ಹೆಚ್ಚು ರುಚಿ ಎಂದು ಬೀದಿಗೆ ಬೀದಿಯೇ ನಂಬಿದೆ. ಬಾಡಿಗೆ ಗೀಡಿಗೆ ಏನೂ ಇಲ್ಲ. ಕೇಳುವುದು, ಒಯ್ಯುವುದು, ತೊಳೆದು ತಂದುಕೊಡುವುದು. ಒಂದೇ ಕಟ್ಟಳೆ, ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಅವತ್ತು ಮಾಡಿದ ಅಡುಗೆಯಲ್ಲಿ ಏನಾದರೂ ಒಂದು ಡಬ್ಬಿಗೆ ಹಾಕಿ ಅದರೊಳಗೆ ಇಟ್ಟು ಕೊಡಬೇಕು. ನಮ್ಮ ಕಡೆ ಒಂದು ಲೋಟ ಎರವಲು ತಂದರೂ ಖಾಲಿ ಕೊಡುವುದಿಲ್ಲ, ಎರಡು ಕಾಳು ಸಕ್ಕರೆಯಾದರೂ ಹಾಕುತ್ತೇವೆ. ಕೊಪ್ಪರಿಗೆಗೆ ಅದರ ಅಂತಸ್ತಿಗೆ ತಕ್ಕ ಹಾಗೆ.

ಕೊಡುವಾಗ ಗಂಗಮ್ಮ ಒಂದು ಮಾತು ಹೇಳುತ್ತಾಳೆ: "ನೋಡ್ಕಂಡು ತಗಂಡೋಗವ್ವ. ನೆಗ್ಗೈತೆ, ತೂತಿಲ್ಲ." ವಾಪಸ್ ಬಂದಾಗ ಅದನ್ನು ಒಂದು ಸುತ್ತು ತಿರುಗಿಸಿ, ಬೆರಳ ಗೆಣ್ಣಿನಿಂದ ಟಣ್ ಎಂದು ಬಡಿದು ಸದ್ದು ಕೇಳಿ, "ಪರವಾಗಿಲ್ಲವ್ವ, ಹೆಂಗೆ ಕೊಟ್ಟಿದ್ನೋ ಹಂಗೇ ಐತೆ" ಎನ್ನುತ್ತಾಳೆ. ಅಷ್ಟೇ. ಇದನ್ನು ಮೊದಲು ಕೇಳಿದಾಗ ನನ್ನ ವೃತ್ತಿಯ ಹೃದಯ ಉಬ್ಬಿಹೋಯಿತು. ಇದ್ದ ದೋಷ ಮುಚ್ಚಿಡದೆ ಹೇಳುವುದು ನಮ್ಮ ಕಸುಬಿನ ಮೊದಲನೇ ಧರ್ಮ. ವಿಮೆ ಕೇಳುವವನು ತನ್ನ ಬಗ್ಗೆ ತನಗೆ ಗೊತ್ತಿರುವುದನ್ನೆಲ್ಲ ಹೇಳಬೇಕು, ಕಂಪನಿಯೂ ಹೇಳಬೇಕು, ಇಬ್ಬರೂ ಒಬ್ಬರನ್ನೊಬ್ಬರು ನಂಬಬೇಕು. ಆ ನಂಬಿಕೆ ಮುರಿದರೆ ಪಾಲಿಸಿ ಬರೀ ಕಾಗದ.

ಆದರೆ ಮನೆಯಲ್ಲೇ ಕುಳಿತು ಗಮನಿಸತೊಡಗಿದ ಮೇಲೆ ಗಂಗಮ್ಮನ ಕಾರುಬಾರಿನಲ್ಲಿ ಒಂದು ಲೆಕ್ಕಕ್ಕೆ ಸಿಗದ ಸಂಗತಿ ಕಣ್ಣಿಗೆ ಬಿತ್ತು. ಎದುರು ಮನೆಯ ಈರಕ್ಕ ಬಂದು ಕೇಳಿದರೆ, ಮಾತು ಮುಗಿಯುವ ಮೊದಲೇ ಕೊಪ್ಪರಿಗೆ ಅಂಗಳಕ್ಕೆ ಬಂದಿರುತ್ತಿತ್ತು. ಈರಕ್ಕ ಹಸುವಿನಂಥ ಹೆಂಗಸು, ಆದರೆ ಅವಳ ಕೈಗೆ ಹೋದ ಪಾತ್ರೆ ಪೆಟ್ಟು ತಿನ್ನದೆ ಬಂದದ್ದೇ ಇಲ್ಲ. ಕೊಪ್ಪರಿಗೆಯ ಮೈಮೇಲಿನ ಅಷ್ಟೂ ನೆಗ್ಗುಗಳು ಅವಳವೇ. ಅದೇ ಮೂಲೆಮನೆಯ ಹೆಡ್‌ಮಾಸ್ತರ್ ರುದ್ರಪ್ಪನವರ ಹೆಂಡತಿ ಸರೋಜಮ್ಮ ಬಂದು ಕೇಳಿದರೆ, "ಅಯ್ಯೋ, ಕಲಾಯಿಗೆ ಹೋಗೈತಲ್ಲ ಸರೋಜಮ್ಮ" ಎನ್ನುವಳು. ತವರದ ಲೇಪಕ್ಕೆ ಹೋಗಿದೆಯೆಂಬ ಕೊಪ್ಪರಿಗೆ ಒಳಗೆ ಉಗ್ರಾಣದಲ್ಲಿ ಮಕಾಡೆ ಮಲಗಿರುತ್ತಿತ್ತು. ಸರೋಜಮ್ಮನ ಮನೆಯಲ್ಲಿ ಸ್ಟೀಲು ಲೋಟಗಳು ಕೂಡ ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತವೆ! ಇಂಥವರಿಗೆ ಇಲ್ಲ, ಈರಕ್ಕನಿಗೆ ಉಂಟು. ಇದೆಂಥ ಅಂಡರ್‌ರೈಟಿಂಗು?

ಒಂದು ದಿನ ಈರಕ್ಕ ಹೊಸದೊಂದು ನೆಗ್ಗು ಸಮೇತ ಕೊಪ್ಪರಿಗೆಯನ್ನು ತಂದಿಟ್ಟು, ಒಳಗಿದ್ದ ಡಬ್ಬಿಯಲ್ಲಿ ಹಾಗಲಕಾಯಿ ಪಲ್ಯ ಕೊಟ್ಟು ಹೋದಳು. ಗಂಗಮ್ಮ ಎಂದಿನಂತೆ ಟಣ್ ಎಂದು ಬಡಿದು, "ಪರವಾಗಿಲ್ಲವ್ವ" ಎಂದಳು. ನನಗೆ ತಡೆಯಲಾಗಲಿಲ್ಲ. ಅಪಾಯದ ಆಯ್ಕೆ ಎಂದರೇನು, ಹಳೆಯ ಚರಿತ್ರೆ ನೋಡದೆ ಒಪ್ಪಿಕೊಂಡರೆ ಏನಾಗುತ್ತದೆ, ಒಳ್ಳೆಯವರನ್ನು ಬಿಟ್ಟು ಪೆಟ್ಟು ಮಾಡುವವರನ್ನೇ ಆರಿಸಿಕೊಂಡರೆ ಕಂಪನಿ ಹೇಗೆ ಮುಳುಗುತ್ತದೆ ಎಂದು ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಅವಳು ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡಳು.

"ಮುಗೀತೇನ್ರಿ?"

"ಮುಗೀತು."

"ಅಷ್ಟು ಗೊತ್ತಿದ್ರೆ ನೀವೇ ನೋಡ್ಕಳ್ರಿ" ಎಂದು ಸೊಂಟದಿಂದ ಉಗ್ರಾಣದ ಬೀಗದ ಕೈ ತೆಗೆದು ನನ್ನ ಮುಂದೆ ಇಟ್ಟಳು. "ಆದ್ರೆ ಅರ್ಜಿ ಗಿರ್ಜಿ ಅಂತ ಕಾಗದ ತಂದು ಮನೆ ತುಂಬಿಸಿದ್ರೆ ಒಲೆಗೆ ಹಾಕ್ತೀನಿ."

ಆಹಾ, ಆ ಬೀಗದ ಕೈ ಹಿಡಿದಾಗ ಆದ ಸಂತೋಷ ಪ್ರಮೋಷನ್ ಆದಾಗಲೂ ಆಗಿರಲಿಲ್ಲ! ಮಾರನೆಯ ದಿನವೇ ಕಟ್ಟೆಯ ಮೇಲೆ ಒಂದು ಕುರ್ಚಿ ಹಾಕಿಸಿಕೊಂಡು ಕುಳಿತೆ. ಕೊಪ್ಪರಿಗೆ ಬೇಕೆಂದವರ ಮನೆಗೆ ಖುದ್ದಾಗಿ ಹೋಗಿ ಪರಿಶೀಲಿಸಿದೆ. ಒಲೆ ಸಮತಟ್ಟಾಗಿದೆಯೇ, ಅಡುಗೆಯವನು ಯಾರು, ಹೊತ್ತು ತರುವವರು ಎಷ್ಟು ಜನ, ತೊಳೆಯುವ ಜಾಗದಲ್ಲಿ ಕಲ್ಲಿದೆಯೇ, ಎಲ್ಲವನ್ನೂ ನೋಡಿದೆ. ಸರೋಜಮ್ಮನ ಮನೆ ನೋಡಿ ಕಣ್ಣು ತುಂಬಿ ಬಂತು. ಕೊಪ್ಪರಿಗೆ ಇಡುವುದಕ್ಕೆ ಗೋಣಿಚೀಲ ಮಡಚಿ ಮೆತ್ತೆ ಮಾಡಿಟ್ಟಿದ್ದರು. ಮೊದಲ ದರ್ಜೆ. ಬಟ್ಟೆ ಅಂಗಡಿ ಶಿವಣ್ಣನ ಮನೆಯೂ ಹಾಗೆಯೇ, ಅನುಕೂಲಸ್ಥರು, ಅಡುಗೆಗೆ ದಾವಣಗೆರೆಯಿಂದ ಭಟ್ಟರನ್ನು ಕರೆಸುವವರು. ಅವರೂ ಪಾಸು.

ಈರಕ್ಕನ ಮನೆಗೂ ಹೋದೆ. ನ್ಯಾಯ ಎಲ್ಲರಿಗೂ ಒಂದೇ ತಾನೆ. ಅಂಗಳ ಇಳಿಜಾರು. ಒಲೆಯ ಮೂರು ಕಲ್ಲಿನಲ್ಲಿ ಒಂದು ಕುಂಟು. ಪಕ್ಕದಲ್ಲೇ ಎಮ್ಮೆ ಕರು ಕಟ್ಟಿತ್ತು, ಅದು ನಾನು ನಿಂತಷ್ಟು ಹೊತ್ತೂ ಒದೆಯುವುದನ್ನು ಅಭ್ಯಾಸ ಮಾಡುತ್ತಿತ್ತು.

"ಬರ್ರಿ ಸಾಹೇಬ್ರೇ, ಕುಂತ್ಕಳ್ರಿ" ಎಂದಳು ಈರಕ್ಕ. "ನಾದಿನಿ ಮಗಂದು ನಿಶ್ಚಿತಾರ್ಥ. ಕೊಪ್ಪರಿಗೆ ಬೇಕಾಗಿತ್ತು."

"ಕೊಡೋಣ. ಈ ಕರುವನ್ನು ಯಾವಾಗಲೂ ಇಲ್ಲೇ ಕಟ್ಟುತ್ತೀರಾ?"

"ಕೊಪ್ಪರಿಗೆ ಕೇಳಿದ್ರೆ ಕರುವಿನ ಸಮಾಚಾರ ಯಾಕ್ರೀ?"

"ಇರಲಿ. ಈ ಮುಂಚೆ ನಿಮ್ಮ ಕೈಯಲ್ಲಿ ಯಾವ ಪಾತ್ರೆಗಾದರೂ ಪೆಟ್ಟಾಗಿದೆಯೇ?"

ಈರಕ್ಕ ಸ್ವಲ್ಪವೂ ಯೋಚಿಸದೆ, "ಯಾವುದಕ್ಕೆ ಆಗಿಲ್ಲ ಅಂತ ಕೇಳ್ರಿ, ಬೇಗ ಹೇಳ್ಬೋದು" ಎಂದಳು.

ಇಷ್ಟು ವರ್ಷದಲ್ಲಿ ಇಂಥ ಸತ್ಯವಂತ ಅರ್ಜಿದಾರರನ್ನು ನಾನು ಕಂಡಿರಲಿಲ್ಲ. ಎದ್ದು ನಿಂತು ಕೈಮುಗಿಯಬೇಕು ಅನ್ನಿಸಿತು. ಆದರೆ ಸತ್ಯ ಬೇರೆ, ಅಪಾಯ ಬೇರೆ. "ಈ ಸಲ ಆಗುವುದಿಲ್ಲ ಈರಕ್ಕ" ಎಂದೆ. ಅವಳು, "ಗಂಗಕ್ಕ ಊರಾಗಿಲ್ಲೇನ್ರಿ?" ಎಂದು ಕೇಳಿದಳು. ನಾನು ಗಂಭೀರವಾಗಿ ಹೊರಟುಬಂದೆ. ಗಂಭೀರವಾಗಿಯೇ ಬರುತ್ತಿದ್ದೆ, ಕರು ಒದೆಯದಿದ್ದರೆ.

ಅಲ್ಲಿಂದ ಮುಂದೆ ಸುವರ್ಣಯುಗ. ಅದು ಮದುವೆಗಳ ಕಾಲ. ನಾನು ಆರಿಸಿದ ಮನೆಗಳಿಗೆ ಕೊಪ್ಪರಿಗೆ ಹೋಯಿತು, ಬಂತು, ಒಂದು ಗೀರೂ ಇಲ್ಲ. ಬೀದಿಯವರ ಮುಂದೆ ಮೀಸೆ ತಿರುವಿದೆ. ಮೀಸೆ ಇಲ್ಲ, ಆದರೂ ತಿರುವಿದೆ. ಸರೋಜಮ್ಮನ ಮನೆಯಿಂದ ಬಂದ ಕೊಪ್ಪರಿಗೆಯೊಳಗೆ ಒಂದು ಡಬ್ಬಿ. ಕಟ್ಟಳೆಯ ಪ್ರಕಾರ ಕೊಡಲೇಬೇಕಲ್ಲ. ಮುಚ್ಚಳ ತೆಗೆದರೆ ಹೋಳಿಗೆ, ಮೇಲೆ ತುಪ್ಪ ಇನ್ನೂ ಹೆಪ್ಪುಗಟ್ಟಿರಲಿಲ್ಲ. ಪಾತ್ರೆಯನ್ನು ಪರಿಶೀಲಿಸುವುದು ನನ್ನ ಹೊಣೆ. ಪಾತ್ರೆ ಎಂದರೆ ಅದರ ಒಳಗಿರುವುದೂ ಸೇರಿತು ಎಂದು ಯಾವ ಅಧಿಕಾರಿಯಾದರೂ ಒಪ್ಪುತ್ತಾನೆ. ಒಂದು ಹೋಳಿಗೆಯನ್ನು ಪರಿಶೀಲಿಸಿದೆ. ಒಂದೇ ನೋಡಿ ತೀರ್ಮಾನಕ್ಕೆ ಬರುವುದು ವೃತ್ತಿಗೆ ಶೋಭೆಯಲ್ಲ, ಇನ್ನೊಂದನ್ನೂ, ಮತ್ತೊಂದನ್ನೂ, ಹಾಗೇ ಡಬ್ಬಿಯ ತಳ ಕಾಣುವವರೆಗೂ ಪರಿಶೀಲಿಸಿದೆ. ಉಳಿದದ್ದನ್ನು ಒಳಗೆ ಕೊಟ್ಟು, "ಎರಡೋ ಮೂರೋ ಹಾಕಿದ್ದಾರೆ ಪಾಪ" ಎಂದೆ. ಗಂಗಮ್ಮ ಅದನ್ನು ಪಕ್ಕದ ಮನೆ ಮಕ್ಕಳಿಗೆ ಹಂಚಿದಳು. ಮುಂದಿನ ವಾರ ಶಿವಣ್ಣನ ಮನೆಯಿಂದ ಬೂಂದಿ ಲಾಡು. ಆಮೇಲೆ ನಮ್ಮ ಬೀದಿಯ ಎಂಜಿನಿಯರರ ಮನೆಯಿಂದ ಗೋಧಿ ಹುಗ್ಗಿ, ಗಸಗಸೆ ಹಾಕಿದ್ದು. ಮತ್ತೆ ಸರೋಜಮ್ಮ, ಈ ಸಲ ಶೇಂಗಾ ಹೋಳಿಗೆ. ಪ್ರತಿ ಸಲವೂ ಒಳಗೆ ತಲುಪಿದ್ದು ಎರಡೋ ಮೂರೋ. ನಾನು ಬೇಕೆಂದು ಮಾಡಿದ್ದಲ್ಲ. ಅಡುಗೆಗೆ ಒಳ್ಳೆಯ ಭಟ್ಟರು, ಮನೆಯಲ್ಲಿ ಅನುಕೂಲ, ನಯನಾಜೂಕು, ಇವೆಲ್ಲ ಇರುವ ಮನೆಯೇ ಮೊದಲ ದರ್ಜೆ ಎಂದು ನಾನು ಇಟ್ಟುಕೊಂಡ ಅಳತೆಗೋಲು. ಅಂಥ ಮನೆಯಲ್ಲಿ ಸಿಹಿಯೂ ಮೊದಲ ದರ್ಜೆಯದೇ ಆಗಿದ್ದರೆ ಅದು ನನ್ನ ತಪ್ಪೇ? ಹೌದು, ಇದೇ ಧಾಟಿಯಲ್ಲಿ ಅರ್ಜಿದಾರರು ನನ್ನ ಮುಂದೆ ಮಾತಾಡುತ್ತಿದ್ದರು, ನನಗೆ ನೆನಪಿದೆ.

ಡಾಕ್ಟರಮ್ಮನ ಹತ್ತಿರ ಹೋಗುವ ದಿನ ಬಂತು. ರಕ್ತ ತೆಗೆಯುವಾಗ ನಾನು ಎಂದಿನಂತೆ ಕಣ್ಣು ಮುಚ್ಚಿ ಗಂಗಮ್ಮನ ಕೈ ಹಿಡಿದುಕೊಂಡೆ. ಫಲಿತಾಂಶ ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಒಳ್ಳೆಯದಲ್ಲ.

"ಸಿಹಿ ಏನಾದ್ರೂ ತಿಂದ್ರಾ?"

"ಇಲ್ಲವಲ್ಲ!" ಎಂದೆ.

ನೋಡಿ, ನಾನು ಕುರ್ಚಿಯ ಆ ಕಡೆ ಕುಳಿತಿದ್ದ ಕಾಲದಲ್ಲಿ ಆಸ್ಪತ್ರೆ ಖರ್ಚಿನ ಪಾಲಿಸಿಗೆ ಬಂದವರನ್ನು, "ಸಕ್ಕರೆ ಕಾಯಿಲೆ ಏನಾದರೂ?" ಎಂದು ಕೇಳಿದರೆ, ಥೇಟ್ ಇದೇ ರಾಗದಲ್ಲಿ, "ಇಲ್ಲವಲ್ಲ!" ಎನ್ನುತ್ತಿದ್ದರು. ಆ ಕೊನೆಯ 'ಲ್ಲ' ಉದ್ದವಾದಷ್ಟೂ ಸಕ್ಕರೆ ಹೆಚ್ಚು ಎಂದು ನಾನು ಕಿರಿಯರಿಗೆ ಹೇಳಿಕೊಡುತ್ತಿದ್ದೆ. ಡಾಕ್ಟರಮ್ಮನಿಗೂ ಆ ವಿದ್ಯೆ ಗೊತ್ತಿತ್ತೆಂದು ಕಾಣುತ್ತದೆ. "ಒಂದು ತಿಂಗಳು ಕೊಡ್ತೀನಿ. ಇಳಿದ್ರೆ ಸರಿ. ಇಲ್ಲಾಂದ್ರೆ ಮುಂದಿನ ಸಲ ಸೂಜಿ ಚುಚ್ಕೊಳ್ಳೋದು ಹೇಗೆ ಅಂತ ಇಲ್ಲೇ ಕೂರಿಸಿ ಕಲಿಸ್ತೀನಿ" ಎಂದರು. ಪ್ರೀಮಿಯಂ ಕಟ್ಟಲು ತಡವಾದವರಿಗೆ ಕಂಪನಿ ಕೊಡುವ ರಿಯಾಯಿತಿ ದಿನಗಳು ನನಗೂ ಸಿಕ್ಕಿದವು. ಬಸ್ಸಿನಲ್ಲಿ ಗಂಗಮ್ಮ, "ನಾನು ಮುದ್ದೆ ಸೊಪ್ಪು ಬಿಟ್ಟು ಬೇರೆ ಏನೂ ಹಾಕಿಲ್ಲ. ಆದ್ರೂ ಹೆಂಗೇರ್ತು?" ಎಂದು ಕಿಟಕಿಗೆ ಹೇಳಿದಳು. ನಾನು ಬಸ್ಸಿನ ಟಿಕೆಟನ್ನು ಹಿಂದೆ ಮುಂದೆ ತಿರುಗಿಸಿ ಓದತೊಡಗಿದೆ. ಅವಳ ಮುಖ ಸಣ್ಣಗಾಗಿತ್ತು. ಅದನ್ನು ನೋಡಿ ನನ್ನ ಹೊಟ್ಟೆಯೊಳಗಿದ್ದ ಹೋಳಿಗೆಗಳೆಲ್ಲ ಒಟ್ಟಿಗೆ ಕಹಿಯಾದವು.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೇವೆ, ಸರೋಜಮ್ಮ ತಮ್ಮ ಮನೆಯ ಆಳಿನ ತಲೆಯ ಮೇಲೆ ಕೊಪ್ಪರಿಗೆ ಹೊರಿಸಿಕೊಂಡು ಬಂದರು. ಎಂಥ ಮುಹೂರ್ತ! ಕೊಪ್ಪರಿಗೆ ಫಳಫಳ ಹೊಳೆಯುತ್ತಿತ್ತು. ಒಳಗೆ ಡಬ್ಬಿ.

"ಸಾಹೇಬ್ರು ವಹಿಸ್ಕಂಡ ಮೇಲೆ ನಮಗೂ ಕೊಪ್ಪರಿಗೆ ಸಿಗ್ತಾ ಐತೆ ನೋಡ್ರಿ" ಎಂದರು ಸರೋಜಮ್ಮ ನಗುನಗುತ್ತಾ. "ಮುಂಚೆ ಯಾವಾಗ ಕೇಳಿದ್ರೂ ಗಂಗಮ್ಮ ಕಲಾಯಿಗೆ ಹೋಗೈತೆ ಅಂತಿದ್ರು. ಅದಿರ್ಲಿ, ಹೋದ ಸಲದ ಹೋಳಿಗೆ ಹೆಂಗಿದ್ವು? ಒಂದು ಡಜನ್ ಹಾಕಿದ್ದೆ, ಸಾಕಾದ್ವೋ ಇಲ್ವೋ ಅಂತ ಈ ಸಲ ಇನ್ನೂ ನಾಲ್ಕು ಜಾಸ್ತಿನೇ ಹಾಕಿದೀನಿ."

ಗಂಗಮ್ಮ ನನ್ನ ಕಡೆ ತಿರುಗಿದಳು. ನಾನು ಮನೆಯ ಸೂರನ್ನು, ಅದಕ್ಕೆ ಏನಾದರೂ ಅಪಾಯ ಉಂಟೇ ಎಂದು ಬಹಳ ಗಮನವಿಟ್ಟು ನೋಡತೊಡಗಿದೆ. ಸರೋಜಮ್ಮ ಹೋಗುವವರೆಗೂ ಗಂಗಮ್ಮ ನಗುತ್ತಲೇ ಇದ್ದಳು. ಅವರು ಗೇಟು ದಾಟಿದ ಮೇಲೆ ಡಬ್ಬಿಯನ್ನು ಎತ್ತಿ ನನ್ನ ಮುಂದೆ ಹಿಡಿದು, "ಎರಡೋ ಮೂರೋ!" ಎಂದಳು.

ಆಟದಲ್ಲಿ ಸಿಕ್ಕಿಬಿದ್ದವನು ಎದುರಾಳಿಯ ತಪ್ಪು ಹುಡುಕುತ್ತಾನೆ. ನಾನೂ ದನಿ ಏರಿಸಿದೆ. "ಅದು ಹಾಗಿರಲಿ, ಇಷ್ಟು ಜೋಪಾನ ಮಾಡುವ ಹೆಂಗಸಿಗೆ ಕಲಾಯಿ ಅಂತ ಸುಳ್ಳು ಹೇಳಿ, ಆ ಈರಕ್ಕನಿಗೆ ಕರೆಕರೆದು ಕೊಡುತ್ತಿದ್ದೆಯಲ್ಲ, ಅದಕ್ಕೇನು ಹೇಳುತ್ತೀ?"

"ಸರೋಜಮ್ಮ ಏನು ಹಾಕಿ ಕೊಡ್ತಾರೆ?" ಎಂದಳು.

"ಹೋಳಿಗೆ."

"ಶಿವಣ್ಣನ ಮನೇರು?"

"ಲಾಡು."

"ಈರಕ್ಕ?"

ಈರಕ್ಕ ಕೊಡುವುದು ಹಾಗಲಕಾಯಿ ಪಲ್ಯ. ಇಲ್ಲವಾದರೆ ಮೆಂತ್ಯದ ಸೊಪ್ಪು. ಅದೂ ಇಲ್ಲವಾದರೆ ಹೆಸರುಕಾಳಿನ ಉಸಲಿ. ಮದುವೆಯೇ ಇರಲಿ, ನಿಶ್ಚಿತಾರ್ಥವೇ ಇರಲಿ, ನಮ್ಮ ಮನೆಗೆಂದು ಅದನ್ನು ಬೇರೆಯಾಗಿ ಮಾಡಿ ತರುತ್ತಿದ್ದಳು. ಮದುವೆ ಅಡುಗೆಯಲ್ಲಿ ಹಾಗಲಕಾಯಿ ಎಲ್ಲಿಂದ ಬಂತು ಎಂದು ನಾನು ಒಮ್ಮೆಯಾದರೂ ಯೋಚಿಸಬೇಡವೇ? ಅಪಾಯ ಅಳೆಯುವವನಂತೆ ನಾನು!

"ಬರಿ ಪಾತ್ರೆ ಕೊಡಬಾರದು, ಕೊಟ್ಟಿದ್ದನ್ನ ಬ್ಯಾಡ ಅನ್ನಬಾರದು. ಸಿಹಿ ತರಬ್ಯಾಡ್ರಿ ಅಂತ ಮದುವೆ ಮನೇರಿಗೆ ಹೆಂಗ್ ಹೇಳ್ಲಿ? ಅಶುಭ ಅನ್ನಲ್ವಾ?" ಎಂದಳು ಗಂಗಮ್ಮ. "ಅದಕ್ಕೆ ಸಿಹಿ ಮಾಡೋರಿಗೆ ಕಲಾಯಿ, ಕಹಿ ತರೋರಿಗೆ ಕೊಪ್ಪರಿಗೆ. ಈರಕ್ಕಂಗೆ ನಿಮ್ಮ ಕಾಯಿಲೆ ಗೊತ್ತೈತೆ, ನಾನೇ ಹೇಳಿದ್ದೆ. ಬಂದ ಡಬ್ಬಿ ನೆಟ್ಟಗೆ ಒಳಕ್ಕೆ ಕೊಡ್ತೀರಿ ಅಂತ ನಂಬಿ ನಿಮಗೆ ಬೀಗದ ಕೈ ಕೊಟ್ಟೆ."

"ಆದರೆ ಕೊಪ್ಪರಿಗೆ ಎಲ್ಲಾ ನೆಗ್ಗಿಹೋಯ್ತಲ್ಲೇ! ನಿಮ್ಮ ಅಮ್ಮ ಕೊಟ್ಟಿದ್ದು!"

"ನೆಗ್ಗಿದ್ರೆ ಏನಾತು? ತಾಮ್ರದ ಕೆಲಸದೋನ ಹತ್ರ ಬಡಿಸ್ಕಂಡು ಬರಬೋದು. ನಿಮ್ಮನ್ನ ಯಾರ ಹತ್ರ ಬಡಿಸ್ಲಿ?"

ಅಷ್ಟು ಹೇಳಿ ಒಳಗೆ ಹೋದಳು. ನಾನು ಕಟ್ಟೆಯ ಮೇಲೆ, ನನ್ನದೇ ಪರಿಶೀಲನಾ ಕುರ್ಚಿಯ ಮೇಲೆ ಕುಳಿತೆ. ಯಾವ ಪಾಲಿಸಿಯಲ್ಲೇ ಆಗಲಿ ಮೊದಲು ಕೇಳುವ ಪ್ರಶ್ನೆ, ಇಲ್ಲಿ ವಿಮೆ ಮಾಡಿರುವ ವಸ್ತು ಯಾವುದು ಎಂದು. ಅದು ಹಾಳಾದರೆ ಯಾರಿಗೆ ನಿಜವಾಗಿ ನಷ್ಟವೋ ಅವರಿಗೆ ಮಾತ್ರ ವಿಮೆ ಮಾಡಿಸುವ ಹಕ್ಕು. ನಾನು ಇಷ್ಟು ದಿನ ವಸ್ತು ಕೊಪ್ಪರಿಗೆ ಎಂದುಕೊಂಡಿದ್ದೆ. ಅವಳು ತವರಿನ ತಾಮ್ರವನ್ನು ಪೆಟ್ಟುಗಳಿಗೆ ಒಡ್ಡಿ ನನ್ನನ್ನು ಕಾಯುತ್ತಿದ್ದಳು. ಒಳಗೆ ಹೋಗಿ ಬೀಗದ ಕೈಯನ್ನು ಅವಳ ಮುಂದೆ ಇಟ್ಟು, "ತಪ್ಪಾಯ್ತು ಕಣೇ" ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ತಪ್ಪಾತು ಅಂದ್ರೆ ಸಕ್ಕರೆ ಇಳೀತದೇನ್ರಿ? ಕೊಪ್ಪರಿಗೆ ಹೊರ್ರಿ" ಎಂದಳು.

ಹಳೆಯ ಪಾಲಿಸಿ ಹೊಸ ಷರತ್ತಿನೊಂದಿಗೆ ಮುಂದುವರಿಯಿತು. ಯಾರೇ ಕೊಪ್ಪರಿಗೆ ಕೇಳಲಿ, ಇನ್ನು ಮೇಲೆ ಹೊತ್ತುಕೊಂಡು ಹೋಗಿ ಕೊಡುವವನೂ ಹೊತ್ತು ತರುವವನೂ ನಾನೇ. ವ್ಯಾಯಾಮಕ್ಕೆ ವ್ಯಾಯಾಮ, ಅವಮಾನಕ್ಕೆ ಅವಮಾನ. ಕೊಪ್ಪರಿಗೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಬೀದಿಯಲ್ಲಿ ನಡೆದರೆ ನನಗೆ ನನ್ನ ಕಾಲು ಮಾತ್ರ ಕಾಣುತ್ತದೆ. "ಸಾಹೇಬ್ರು ಬಂದ್ರು, ದಾರಿ ಬಿಡ್ರಪ್ಪ!" ಎಂದು ಬೀದಿಯವರು ಕೂಗುವುದು ಒಳಗೆ ಗಂಟೆಯ ಹಾಗೆ ಮೊಳಗುತ್ತದೆ. ಒಂದು ದಿನ ದಾರಿ ತಪ್ಪಿ ಪೋಸ್ಟಾಫೀಸಿನೊಳಗೆ ಹೋಗಿಬಿಟ್ಟಿದ್ದೆ. ಈರಕ್ಕನ ಮನೆಗೆ ಮೊದಲ ಸಲ ಹೊತ್ತುಕೊಂಡು ಹೋದಾಗ ಅವಳು ಎರಡೂ ಕೈಯಿಂದ ಇಳಿಸಿಕೊಂಡು, "ಒಲೆಕಲ್ಲು ನೋಡ್ಬೇಕೇನ್ರಿ?" ಎಂದು ಕೇಳಿದಳು. "ಬೇಡ ತಾಯಿ" ಎಂದೆ. ಕರು ನನ್ನನ್ನು ಗುರುತು ಹಿಡಿಯಿತು. ತಿಂಗಳು ಮುಗಿಯಿತು. ಡಾಕ್ಟರಮ್ಮ ಫಲಿತಾಂಶ ನೋಡಿದರು, ಕನ್ನಡಕ ತೆಗೆಯಲಿಲ್ಲ. "ಏನ್ ಮಾಡಿದ್ರಿ? ಚೆನ್ನಾಗಿ ಇಳಿದಿದೆ. ಸೂಜಿ ಬೇಡ ಬಿಡಿ" ಎಂದರು. ಆಸ್ಪತ್ರೆಯ ಮುಂದಿನ ಅಂಗಡಿಯಲ್ಲಿ ಆ ಖುಷಿಗೆ ಗಂಗಮ್ಮನಿಗೆ ಒಂದು ಜಿಲೇಬಿ ಕೊಡಿಸಿ, ಅವಳು ತಿನ್ನುವುದನ್ನು ನೋಡುತ್ತಾ ಸಕ್ಕರೆ ಹಾಕದ ಟೀ ಕುಡಿದೆ. ಆ ಟೀ ಕೂಡ ಸಿಹಿಯಾಗಿತ್ತು ಎಂದು ಬರೆಯಬೇಕು ಅನ್ನಿಸುತ್ತದೆ, ಆದರೆ ಇರಲಿಲ್ಲ.

ಹೋದ ವಾರದ ಮಾತು. ಗಂಗಮ್ಮನ ಅಣ್ಣನ ಮೊಮ್ಮಗುವಿನ ನಾಮಕರಣ. ಮಾಡದಕೆರೆಗೆ ನಾಲ್ಕು ದಿನ ಹೋಗಬೇಕಾಗಿತ್ತು. ನನ್ನನ್ನು ಕರೆದುಕೊಂಡು ಹೋದರೆ ಅಲ್ಲಿ ಪಾಯಸದ ಮಡಿಕೆಯ ಪಕ್ಕದಲ್ಲೇ ಕಾವಲು ಕೂರಬೇಕಾದೀತು ಎಂದು ಬಿಟ್ಟುಹೋಗುವ ತೀರ್ಮಾನ ಮಾಡಿದಳು. ಬೆಳಿಗ್ಗೆ ಬಸ್ಸಿಗೆ ಹೊರಟು ನಿಂತವಳು, ಎದುರು ಮನೆಯ ಈರಕ್ಕನನ್ನು ಗೇಟಿಗೆ ಕರೆದಳು. ನಾನು ಕಟ್ಟೆಯ ಮೇಲೆ ಪೇಪರು ಓದುತ್ತಿದ್ದೆ.

"ಈರಕ್ಕ, ನಾಲ್ಕು ದಿನ ಇವರನ್ನ ನಿನಗೆ ಒಪ್ಪಿಸಿ ಹೋಗ್ತಾ ಇದೀನವ್ವ" ಎಂದು ನನ್ನ ಕಡೆ ಕೈ ತೋರಿಸಿದಳು. "ನೋಡ್ಕಂಡು ಇಟ್ಕ. ನೆಗ್ಗೈತೆ, ತೂತಿಲ್ಲ. ವಾಪಸ್ ಕೊಡುವಾಗ ಸಿಹಿ ಗಿಹಿ ಹಾಕ್ಬ್ಯಾಡ ಮತ್ತೆ."

"ನೀ ಹೋಗಿ ಬಾರಕ್ಕ, ನಾ ಇಲ್ಲೇನು?" ಎಂದಳು ಈರಕ್ಕ ಧೈರ್ಯವಾಗಿ. ಅವಳ ಕೈಗೆ ಹೋದ ಪಾತ್ರೆಗಳ ಚರಿತ್ರೆಯೆಲ್ಲ ನನ್ನ ಕಣ್ಣ ಮುಂದೆ ಬಂತು. ನಾನು ಅಧಿಕಾರಿಯಾಗಿದ್ದರೆ ಈ ಅಪಾಯವನ್ನು ಖಂಡಿತ ಒಪ್ಪುತ್ತಿರಲಿಲ್ಲ. ಆದರೆ ವಸ್ತುವನ್ನು ಕೇಳಿ ಯಾರು ಪಾಲಿಸಿ ಬರೆಯುತ್ತಾರೆ? ನಾಲ್ಕು ದಿನ ಹಾಗಲಕಾಯಿ, ಮೆಂತ್ಯ, ಹಾಗಲಕಾಯಿ, ಮೆಂತ್ಯ. ಮೂರನೆಯ ದಿನ ಅವಳ ಮನೆಯ ಕುಂಟು ಒಲೆಕಲ್ಲನ್ನು ಎಡವಿ ಬಿದ್ದು ಮೊಣಕಾಲು ತರಚಿಕೊಂಡೆ. ಈರಕ್ಕ ಅರಿಶಿನ ಮೆತ್ತಿದಳು.

ಬಸ್ಸಿಳಿದು ಬಂದ ಗಂಗಮ್ಮ ಚೀಲ ಕೆಳಗಿಟ್ಟು, ನೆಟ್ಟಗೆ ನನ್ನ ಹತ್ತಿರ ಬಂದಳು. ನನ್ನ ಎರಡೂ ಭುಜ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿದಳು. ಮೊಣಕಾಲನ್ನು ಬಗ್ಗಿ ನೋಡಿದಳು. ಬೆನ್ನಿನ ಮೇಲೆ ಬೆರಳ ಗೆಣ್ಣಿನಿಂದ ಒಂದು ಬಡಿದು, ಸದ್ದು ಕೇಳಿ, ಗೇಟಿನ ಹತ್ತಿರ ಉಸಿರು ಬಿಗಿಹಿಡಿದು ನಿಂತಿದ್ದ ಈರಕ್ಕನಿಗೆ ಹೇಳಿದಳು:

"ಪರವಾಗಿಲ್ಲವ್ವ, ಹೆಂಗೆ ಕೊಟ್ಟಿದ್ನೋ ಹಂಗೇ ಐತೆ."